ಡಾಲರ್ ಮಾವನ ಅನುಮಾನಗಳು

ನನ್ನ ಸೋದರಮಾವ ತಮ್ಮ ನೆರಳನ್ನೂ ನಂಬುವುದಿಲ್ಲ ಎಂದು ನಾನು ಹೇಳಿದರೆ ಅದು ಅಪಪ್ರಚಾರವಾಗುತ್ತದೆ. ನೆರಳನ್ನು ಅವರು ನಂಬುತ್ತಾರೆ. ಬೆಳಿಗ್ಗೆ ಅಷ್ಟುದ್ದ ಇದ್ದದ್ದು ಮಧ್ಯಾಹ್ನ ಯಾಕೆ ಕಾಲಡಿ ಬಚ್ಚಿಟ್ಟುಕೊಳ್ಳುತ್ತದೆ ಎಂಬ ಬಗ್ಗೆ ಮಾತ್ರ ಅವರಿಗೊಂದು ಸಣ್ಣ ಅನುಮಾನವಿದೆ, ಅಷ್ಟೆ!

ಚನ್ನಪಟ್ಟಣದ ಅವರ ಮನೆಗೆ ನೀವು ಹೋದಿರಿ ಎನ್ನಿ. ಬಾಗಿಲು ತಟ್ಟಿದರೆ ತೆರೆಯುವುದು ಕಿಟಕಿ. ಕಿಟಕಿಯಲ್ಲಿ ಕಾಣುವುದು ಒಂದೇ ಕಣ್ಣು.

"ಯಾರು?"

"ನಾನು ಮಾವ, ನಿಮ್ಮಕ್ಕನ ಮಗಳು."

"ಅದು ಕಾಣ್ತದೆ. ಏನ್ ಬಂದೆ?"

"ಸುಮ್ಮನೆ ನೋಡಿಕೊಂಡು ಹೋಗೋಣ ಅಂತ."

ಎಡವಟ್ಟಾಗುವುದು ಇಲ್ಲೇ. ಸುಮ್ಮನೆ ಯಾರಾದರೂ ಬರುತ್ತಾರೆಯೇ? ಮಾವನ ಪ್ರಕಾರ ಈ ಭೂಮಿಯ ಮೇಲೆ ಸುಮ್ಮನೆ ಬರುವುದು ನೆಗಡಿ ಒಂದೇ. ಹಾಗಾಗಿ ನಾನೀಗ ಬುದ್ಧಿ ಕಲಿತಿದ್ದೇನೆ. "ಅತ್ತೆ ಹತ್ತಿರ ಒಂದು ಹಿಡಿ ಹುಣಸೆಹಣ್ಣು ಇಸ್ಕೊಂಡು ಹೋಗೋಣ ಅಂತ ಬಂದೆ" ಎನ್ನುತ್ತೇನೆ. ತಕ್ಷಣ ಬಾಗಿಲು ತೆರೆಯುತ್ತದೆ. ರಾಮನಗರದ ಸ್ಕೂಲೊಂದರಲ್ಲಿ ಟೀಚರಾಗಿರುವವಳು ಬಸ್ಸು ಹತ್ತಿ ಚನ್ನಪಟ್ಟಣಕ್ಕೆ ಹುಣಸೆಹಣ್ಣಿಗಾಗಿ ಬಂದಿದ್ದಾಳೆ ಎನ್ನುವುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನ ಬರುವುದಿಲ್ಲ!

ಅವರನ್ನು ಬೈದು ಪ್ರಯೋಜನವಿಲ್ಲ. ಮಾವ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಕನಕಪುರ, ಮಾಗಡಿ, ರಾಮನಗರ, ಚನ್ನಪಟ್ಟಣ ಅಂತ ಸುತ್ತಿ ಸುತ್ತಿ, ಟಿಕೆಟ್ ತಪ್ಪಿಸಲು ಜನ ಹೂಡುವ ಆಟಗಳನ್ನೆಲ್ಲ ಕಣ್ಣಾರೆ ಕಂಡವರು. ಮೀಸೆ ಚಿಗುರಿದ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು "ಇನ್ನೂ ಇಸ್ಕೂಲ್‌ಗೆ ಸೇರ್ಸಿಲ್ಲ ಕಣಪ್ಪ" ಎನ್ನುವ ತಾಯಂದಿರು, "ಟಿಕೆಟ್" ಎಂದೊಡನೆ ಗೊರಕೆ ಹೊಡೆಯುವ ಯಜಮಾನರು, ಬುಟ್ಟಿಯಲ್ಲಿ ಕೋಳಿ ಬಚ್ಚಿಟ್ಟುಕೊಂಡು, ಅದು ಕೂಗಿದಾಗಲೆಲ್ಲ ತಾವೇ ಕೆಮ್ಮುವ ಅಜ್ಜಿಯರು... ಇವರ ನಡುವೆ ಸವೆದ ಮನುಷ್ಯನಿಗೆ ಜಗತ್ತನ್ನು ನಂಬು ಎಂದರೆ ಹೇಗೆ ನಂಬಿಯಾನು?

ಅಂಥವರಿಗೇ ಒಬ್ಬರು ಟೋಪಿ ಹಾಕಿದರು! ಅವತ್ತು ಕನಕಪುರದ ಸಂತೆ. ಬಸ್ಸಿನಲ್ಲಿ ಉಸಿರಾಡುವುದಕ್ಕೂ ಸರದಿ ಕಾಯಬೇಕಾದಂಥ ನೂಕುನುಗ್ಗಲು. ಸಂಜೆ ಡಿಪೋದಲ್ಲಿ ಚೀಲ ಸುರಿದರೆ ಚಿಲ್ಲರೆಯ ನಡುವಿನಿಂದ ಅಗಲವಾದ, ಮಂಕು ಬಿಳಿಯ ಬಿಲ್ಲೆಯೊಂದು ಉರುಳಿಕೊಂಡು ಬಂತು. ಒಂದು ಕಡೆ ದಪ್ಪ ಕೆನ್ನೆಯ ಹೆಂಗಸಿನ ಮುಖ, ಇನ್ನೊಂದು ಕಡೆ ರೆಕ್ಕೆ ಬಿಚ್ಚಿದ ಹದ್ದು. ಯಾರೋ ಆ ಗಲಾಟೆಯಲ್ಲಿ ಅದನ್ನೇ ಟಿಕೆಟ್ ಕಾಸೆಂದು ಕೈಗೆ ತುರುಕಿ ಇಳಿದುಹೋಗಿದ್ದರು. ಮಾವ ಹಲ್ಲು ಕಡಿಯುತ್ತಾ ಅದನ್ನು ಚನ್ನಪಟ್ಟಣದ ಬೆಳ್ಳಿ ಅಂಗಡಿಯ ಸೇಟಿಗೆ ತೋರಿಸಿದರು.

ಸೇಟು ಅದನ್ನು ನೋಡಿ, ತಿರುಗಿಸಿ, "ಅಮೆರಿಕದ ಡಾಲರ್ ಕಣಣ್ಣ. ಹಳೇ ಬೆಳ್ಳಿ. ನೀನು ಹೇಳಿದ್ದೇ ರೇಟು, ತಗಂತೀನಿ" ಎಂದರು.

ಹೇಳಿದ್ದೇ ರೇಟು! ಜೀವಮಾನದಲ್ಲಿ ಒಂದು ಕಾಲುಂಗುರವನ್ನೂ ಚೌಕಾಶಿಯಿಲ್ಲದೆ ಕೊಂಡವರಲ್ಲ ಸೇಟು! ಮಾವನ ಮೈಯೆಲ್ಲ ಅನುಮಾನದಿಂದ ಜುಮ್ಮೆಂದಿತು. ಬಿಲ್ಲೆಯನ್ನು ಕಿತ್ತುಕೊಂಡು ಜೇಬಿಗೆ ಹಾಕಿಕೊಂಡು ಮನೆಗೆ ಬಂದುಬಿಟ್ಟರು. ಉಳಿದವರೆಲ್ಲ ಆಸೆಯಿಂದ ನಾಣ್ಯ ಸಂಗ್ರಹ ಶುರುಮಾಡಿದರೆ, ನಮ್ಮ ಮಾವ ಶುರುಮಾಡಿದ್ದು ಸಂಶಯದಿಂದ.

ಅಲ್ಲಿಂದ ಅವರಿಗೆ ಬೆಳ್ಳಿ ಡಾಲರ್‌ಗಳ ಹುಚ್ಚು ಹಿಡಿಯಿತು. ಕರಗಿಸಲು ಬಂದ ಹಳೇ ಬೆಳ್ಳಿಯಲ್ಲಿ, ಕಿತ್ತುಹೋದ ಕಾಸಿನ ಸರಗಳಲ್ಲಿ, ಬೆಂಗಳೂರಿನ ಫುಟ್‌ಪಾತುಗಳಲ್ಲಿ ಹುಡುಕಿ ಹುಡುಕಿ ತಂದರು. ಆದರೆ ಈ ಹುಚ್ಚನ್ನು ಊರವರಿಗೆ ವಿವರಿಸುವುದು ಅತ್ತೆಯ ಪಾಲಿಗೆ ಬಂತು. ನಮ್ಮ ಕಡೆ ಡಾಲರ್ ಎಂದರೇನು? ಸರಕ್ಕೆ ನೇತುಹಾಕುವ ಪದಕ!

"ನಮ್ಮೆಜಮಾನ್ರು ಡಾಲರ್ ಕೂಡಿಕ್ತಾರೆ" ಎಂದು ಅತ್ತೆ ಹೇಳಿದರೆ, ಪಕ್ಕದ ಮನೆಯಾಕೆ "ಯಾವ್ ದೇವ್ರುದ್ದು? ತಿಮ್ಮಪ್ಪುಂದಾ, ಲಕ್ಷ್ಮೀದಾ?" ಎಂದಳಂತೆ.

"ಯಾವ್ದೋ ಹೆಂಗಸಿಂದು."

ಪಕ್ಕದ ಮನೆಯಾಕೆ ಸೀದಾ ಒಳಗೆ ಹೋದಳಂತೆ. ಅವತ್ತಿನಿಂದ ಒಂದು ವಾರ ಬೀದಿಯವರೆಲ್ಲ ಅತ್ತೆಯನ್ನು ಕಂಡರೆ ಕನಿಕರದಿಂದ ಲೊಚಗುಟ್ಟುತ್ತಿದ್ದರು!

ಡಾಲರ್‌ಗಳನ್ನು ಕೂಡಿಟ್ಟರೆ ಸಾಕೇ? ಅವುಗಳಿಗೆ ದರ್ಜೆ ಕೊಡಬೇಕು. ಅಮೆರಿಕದಲ್ಲಿ ಹಳೇ ನಾಣ್ಯಗಳಿಗೆ ಎಪ್ಪತ್ತಕ್ಕೆ ಇಷ್ಟು ಅಂತ ಮಾರ್ಕು ಹಾಕುವ ಪದ್ಧತಿಯಂತೆ. ಹೆಂಗಸಿನ ಕಿವಿಯ ಮೇಲಿನ ಕೂದಲಿನ ಎಳೆಗಳು ಕಾಣುತ್ತವೆಯೇ, ಹದ್ದಿನ ಎದೆಯ ಪುಕ್ಕ ಸವೆದಿದೆಯೇ, ಬೆಳಕಿನಡಿ ಓರೆಮಾಡಿದರೆ ಹೊಳಪು ಗಾಡಿಚಕ್ರದ ಹಾಗೆ ತಿರುಗುತ್ತದೆಯೇ, ಎಲ್ಲಿ ಗೀರಿದೆ, ಯಾರು ಉಜ್ಜಿದ್ದಾರೆ... ಎಲ್ಲವನ್ನೂ ಮಾವ ಭೂತಗನ್ನಡಿ ಹಿಡಿದು ನೋಡುತ್ತಾರೆ.

"ಯಾಕೆ ಮಾವ ಎಪ್ಪತ್ತು? ನೂರಕ್ಕೆ ಕೊಡಬಾರದಾ?" ಎಂದು ಪರೀಕ್ಷೆ ಪೇಪರು ತಿದ್ದುವ ನಾನು ಕೇಳಿದೆ.

"ಅವ್ರಿಗೂ ಒಸಿ ಅನುಮಾನ ಇರ್ಬೇಕು ಕಣವ್ವ. ಮೂವತ್ತು ಮುಂಚೇನೇ ಹಿಡ್ಕಂಡವ್ರೆ!"

ಮಾವನಿಗೆ ಅಮೆರಿಕದ ಮೇಲೆ ಗೌರವ ಬಂದದ್ದು ಈ ಒಂದು ಕಾರಣಕ್ಕೆ. ಆಮೇಲೆ ಅವರು ಎಲ್ಲದಕ್ಕೂ ಎಪ್ಪತ್ತರ ಲೆಕ್ಕದಲ್ಲೇ ಮಾರ್ಕು ಹಾಕತೊಡಗಿದರು. ಅತ್ತೆಯ ಮುದ್ದೆಗೆ ಅರವತ್ತೆರಡು. ಬಸ್ಸಾರಿಗೆ ಅರವತ್ತು. ನನ್ನ ಮದುವೆ ಊಟಕ್ಕೆ ನಲವತ್ತು, ಅದೂ ಪಾಯಸ ಎರಡು ಸಲ ಬಡಿಸಿದ್ದಕ್ಕೆ!

ನಾಣ್ಯ ನೋಡುವುದಕ್ಕೂ ಅವರ ಮನೆಯಲ್ಲಿ ಮಡಿಯಿದೆ. ಕೈ ತೊಳೆಯಬೇಕು, ಒರೆಸಬೇಕು, ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕು. ಬಿದ್ದರೂ ಮೆತ್ತಗೆ ಬೀಳಲಿ ಎಂದು. ನಾಣ್ಯದ ಅಂಚು ಮಾತ್ರ ಹಿಡಿಯಬೇಕು. ಅದರ ಮೇಲೆ ಬಾಗಿ ಮಾತಾಡುವಂತಿಲ್ಲ, ಎಂಜಲು ಸಿಡಿಯುತ್ತದೆ. ನಾನು ಒಮ್ಮೆ ಸೀನಿದೆ. ಈಗ ನಾನು ಹೋದಾಗಲೆಲ್ಲ ಕಿಟಕಿಯಲ್ಲಿ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: "ನೆಗಡಿಗಿಗಡಿ ಏನಾದ್ರೂ ಐತಾ?"

ಇಷ್ಟೆಲ್ಲ ಕಾವಲಿನ ನಡುವೆಯೂ ಶತ್ರು ಒಳಗಿನಿಂದಲೇ ದಾಳಿ ಮಾಡಿತು. ಒಂದು ವರಮಹಾಲಕ್ಷ್ಮಿ ಹಬ್ಬದ ದಿನ ಮಾವ ಸ್ನಾನ ಮಾಡಿ ಬಂದು ನೋಡುತ್ತಾರೆ, ಕಳಶದ ಮುಂದೆ ಅವರ ಡಾಲರೊಂದು ಫಳಫಳ ಹೊಳೆಯುತ್ತಾ ಕೂತಿದೆ! ಅತ್ತೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತೊಳೆದು, ಅರಿಶಿನ ಕುಂಕುಮ ಇಟ್ಟಿದ್ದರು. ಹಳೇ ನಾಣ್ಯವನ್ನು ತೊಳೆಯುವುದೆಂದರೆ ಅದರ ಬೆಲೆಯನ್ನೇ ಬಚ್ಚಲಿಗೆ ಸುರಿದ ಹಾಗೆ. ಮಾವ ಒದ್ದೆ ಟವೆಲಿನಲ್ಲೇ ಕುಸಿದು ಕೂತರು.

"ನೂರು ವರ್ಷದ ಕಪ್ಪು ಕಣೇ ಅದು! ನೂರು ವರ್ಷದ್ದು!"

ಅತ್ತೆ ಊದುಬತ್ತಿ ಹಚ್ಚುತ್ತಾ, "ನೂರು ವರ್ಷ್‌ದಿಂದ ಯಾರೂ ತೊಳ್ದಿಲ್ವಾ? ಅಷ್ಟೊಂದು ಸೋಮಾರಿಗಳಾ ಆ ಅಮೆರಿಕದೋರು?" ಎಂದರು.

ಮಾಗಡಿಯ ಆಚೆ ಒಂದು ಹಳ್ಳಿಯಲ್ಲಿ, ಕುರಿ ಸಾಕುವವರ ಮನೆಯ ಅಜ್ಜಿಯೊಬ್ಬರ ಕೊರಳಲ್ಲಿ ಇಂಥದ್ದೇ ಡಾಲರ್ ಇದೆ ಎಂಬ ಸುದ್ದಿ ಕೇಳಿ ಒಂದು ದಿನ ಮಾವ ಅಲ್ಲಿಗೂ ಹೋಗಿದ್ದರು. ಅಜ್ಜಿ ಜಗಲಿಯ ಮೇಲೆ ಕೂತಿದ್ದರಂತೆ. ಮಾವ ಕುಶಲ ವಿಚಾರಿಸುತ್ತಾ ಓರೆಗಣ್ಣಿನಲ್ಲಿ ಕೊರಳನ್ನು ನೋಡತೊಡಗಿದರು.

"ಏನ್ ನೋಡ್ತಾ ಇದೀಯ?" ಎಂದರು ಅಜ್ಜಿ.

"ಏನಿಲ್ಲ ಕಣಜ್ಜಿ, ಸುಮ್ಕೆ ಬಂದೆ."

"ಸುಮ್ಕೆ ಯಾರ್ಲಾ ಬತ್ತಾರೆ? ಯಾವೂರೋನು ನೀನು? ಲೇ, ಆ ನಾಯಿ ಬುಡ್ರೋ!"

ಹೊಲ ಹಾರಿ, ಬೇಲಿ ಹಾರಿ, ಒಂದು ಚಪ್ಪಲಿ ಕಳಕೊಂಡು ಮನೆಗೆ ಬಂದ ಮಾವನ ಮುಖದಲ್ಲಿ ಎಂಥ ಸಂತೋಷ! "ಜನ ಅಂದ್ರೆ ಅಂಗಿರ್ಬೇಕು ಕಣವ್ವ!" ಎಂದು ಅಜ್ಜಿಯನ್ನು ಹೊಗಳಿದ್ದೇ ಹೊಗಳಿದ್ದು.

ಇಂಥ ಮನುಷ್ಯನಿಗೆ ಒಬ್ಬಳೇ ಮಗಳು, ಸವಿತ. ಅವಳಿಗೆ ಗಂಡು ನೋಡುವ ಕಾಲ ಬಂದಾಗ ನಮ್ಮ ಬಂಧುಬಳಗವೆಲ್ಲ ನಡುಗಿತು. ನಡುಗಿದ್ದು ಸರಿಯಾಗಿಯೇ ಇತ್ತು. ಬಂದ ಗಂಡುಗಳನ್ನೆಲ್ಲ ಮಾವ ಕಿಟಕಿ ಪಕ್ಕದ ಬೆಳಕಿನಲ್ಲೇ ಕೂರಿಸಿದರು. ಒಬ್ಬ ತೀರಾ ಕಡಿಮೆ ಮಾತಾಡಿದ, ಏನೋ ಮುಚ್ಚಿಡುತ್ತಿದ್ದಾನೆ. ಇನ್ನೊಬ್ಬ ಬಹಳ ಮಾತಾಡಿದ, ಅವನೂ ಏನೋ ಮುಚ್ಚಿಡುತ್ತಿದ್ದಾನೆ! ಕೊನೆಗೆ ಸವಿತಳೇ ತನ್ನ ಪಾಡಿಗೆ ತಾನು, ದಿನಾ ಕೆಲಸಕ್ಕೆ ಹೋಗುವ ರೈಲಿನಲ್ಲಿ ಒಬ್ಬನನ್ನು ಮೆಚ್ಚಿಕೊಂಡಳು. ಮಂಜು ಅಂತ, ಬಿಡದಿಯ ಕಾರು ಫ್ಯಾಕ್ಟರಿಯಲ್ಲಿ ಕೆಲಸ. ಬೀಡಿಯಿಲ್ಲ, ಸಿಗರೇಟಿಲ್ಲ. ಹಿರಿಯರನ್ನು ಕಂಡರೆ ಎದ್ದು ನಿಲ್ಲುತ್ತಾನೆ. ತಿಂದ ತಟ್ಟೆ ತಾನೇ ತೆಗೆಯುತ್ತಾನೆ. ಮನೆಯವರೆಲ್ಲ ಒಪ್ಪಿದರು. ಮಾವ ಮಾತ್ರ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಪಿಸುಗುಟ್ಟಿದರು:

"ಒಂದ್ ಗೀರೂ ಕಾಣ್ತಿಲ್ವಲ್ಲವ್ವ!"

"ಒಳ್ಳೇದಲ್ವಾ ಮಾವ?"

"ಬಳಸಿದ್ ಕಾಸಲ್ಲಿ ಗೀರಿಲ್ಲ ಅಂದ್ರೆ ಯಾರೋ ಉಜ್ಜವ್ರೆ ಅಂತ ಅರ್ಥ. ಪಾಲಿಶ್ ಮಾಡಿರೋ ಮಾಲು ಇದು."

ಮದುವೆಯೇನೋ ಆಯಿತು, ಇಬ್ಬರೂ ಬಿಡದಿಯಲ್ಲಿ ಮನೆ ಮಾಡಿದರು. ಅಳಿಯನನ್ನು ಮಾವ ತುಂಬ ಮರ್ಯಾದೆಯಿಂದ "ನೀವು", "ಬನ್ನಿ", "ಕೂತ್ಕಳಿ" ಎಂದೇ ಮಾತಾಡಿಸುತ್ತಿದ್ದರು. ನಮ್ಮ ಮಾವ ಯಾರಿಗಾದರೂ ಬಹುವಚನ ಕೊಟ್ಟರೆಂದರೆ ಅವರ ಮೇಲೆ ಕಣ್ಣಿಟ್ಟಿದ್ದಾರೆ ಎಂದೇ ತಿಳಿಯಬೇಕು.

ಮದುವೆಯಾದ ಮೇಲಿನ ಮೊದಲ ದೀಪಾವಳಿಗೆ ಮಗಳು ಅಳಿಯ ಬಂದರು. ನಾವು ನೆಂಟರೂ ಸೇರಿದ್ದೆವು. ಎಲೆಯಲ್ಲಿ ಒಬ್ಬಟ್ಟು ಬಿದ್ದಿತ್ತು. ಆಗ ಮಂಜು ನಾಚುತ್ತಾ ಜೇಬಿನಿಂದ ಒಂದು ಪುಟ್ಟ ಡಬ್ಬಿ ತೆಗೆದು ಮಾವನ ಮುಂದಿಟ್ಟ.

"ನಿಮ್ಗೆ ಅಂತ ತರಿಸ್ದೆ ಮಾವ. ಆನ್‌ಲೈನಲ್ಲಿ."

ಡಬ್ಬಿಯಲ್ಲಿ ಬೆಳ್ಳಿ ಡಾಲರ್! ದಪ್ಪ ಕೆನ್ನೆಯ ಹೆಂಗಸು, ರೆಕ್ಕೆ ಬಿಚ್ಚಿದ ಹದ್ದು, ಎಲ್ಲ ಸರಿಯಾಗಿತ್ತು. ಸವಿತಳ ಮುಖ ದೀಪದ ಹಾಗೆ ಅರಳಿತು. ಅಪ್ಪನಿಗೂ ಗಂಡನಿಗೂ ನಡುವೆ ಇದ್ದ ಆ ಬಹುವಚನ ಇವತ್ತಿಗೆ ಕರಗಿತು ಎಂದುಕೊಂಡಿರಬೇಕು. ಮಾವ ಎಡಗೈಯಲ್ಲಿ ನಾಣ್ಯವನ್ನೆತ್ತಿ ಅಂಚನ್ನು ಉಗುರಿನಿಂದ ತಟ್ಟಿದರು. ಅಸಲಿ ಬೆಳ್ಳಿ ಗಂಟೆಯ ಹಾಗೆ ಉದ್ದಕ್ಕೆ ಅನುರಣಿಸುತ್ತದೆ. ಇದು "ಟಪ್" ಎಂದಿತು.

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಮಾವ ಅಂಗಿ ಜೇಬಿನಿಂದ ಮ್ಯಾಗ್ನೆಟ್ಟು ತೆಗೆದರು. ಹಾಳಾದ ರೇಡಿಯೋದಿಂದ ಕಿತ್ತದ್ದು, ಸದಾ ಅವರ ಬಳಿಯೇ ಇರುತ್ತದೆ. ಬೆಳ್ಳಿ ಮ್ಯಾಗ್ನೆಟ್ಟಿಗೆ ಅಂಟುವುದಿಲ್ಲ. ಮಂಜುವಿನ ಡಾಲರ್ ನೆಗೆದು ಹೋಗಿ ಅಪ್ಪಿಕೊಂಡಿತು. ಮಾವ ಅದನ್ನು ಹಾಗೆಯೇ ಎಲ್ಲರ ಮುಂದೆ ಎತ್ತಿ ತೋರಿಸಿದರು. "ನೋಡ್ರಪ್ಪಾ, ಕಬ್ಬಿಣ!" ಎಂದರು. ಯಾರೋ ಕಿಸಕ್ಕೆಂದು ನಕ್ಕರು. ಆ ನಗು ಅವರಿಗೆ ಹುಮ್ಮಸ್ಸು ಕೊಟ್ಟಿತೋ ಏನೋ, ಇನ್ನೊಂದು ಮಾತು ಸೇರಿಸಿದರು:

"ಮೇಲೊಂದು, ಒಳಗೊಂದು. ತಂದೋರೂ ಹಂಗೇ ಇರ್ತಾರೆ."

ಮಂಜು ತಲೆ ತಗ್ಗಿಸಿ ಎಲೆಯ ಅಂಚನ್ನೇ ನೋಡುತ್ತಾ ಕೂತ. ಸವಿತ ಎದ್ದಳು. ಒಬ್ಬಟ್ಟು ಎಲೆಯಲ್ಲೇ ಇತ್ತು. ಕೈ ತೊಳೆದು, ಬ್ಯಾಗು ತಗೊಂಡು, ಗಂಡನ ತೋಳು ಹಿಡಿದು ಬಾಗಿಲಲ್ಲಿ ನಿಂತು ಅಪ್ಪನ ಕಡೆ ತಿರುಗಿದಳು.

"ಕಾಸಾದ್ರೆ ಮ್ಯಾಗ್ನೆಟ್ ಇಕ್ಕಿ ನೋಡು. ನನ್ ಗಂಡಂಗೆ ಬ್ಯಾಡ ಕಣಪ್ಪ."

ಆಮೇಲೆ ಅವಳು ಆ ಮನೆಗೆ ಬರಲಿಲ್ಲ. ಸಂಕ್ರಾಂತಿಗೂ ಇಲ್ಲ, ಯುಗಾದಿಗೂ ಇಲ್ಲ. ಫೋನು ಮಾಡಿದರೆ ಅಮ್ಮನ ಜೊತೆ ಮಾತಾಡಿ ಇಟ್ಟುಬಿಡುತ್ತಿದ್ದಳು. ಇತ್ತ ಅತ್ತೆಯೂ ಮಾವನಿಗೆ ಹೊತ್ತು ಹೊತ್ತಿಗೆ ಊಟ ಬಡಿಸುತ್ತಿದ್ದರು, ಮಾತು ಮಾತ್ರ ಬಡಿಸುತ್ತಿರಲಿಲ್ಲ. ನಾನು ಹೋದಾಗ ಕಿಟಕಿಯಲ್ಲಿ ಪ್ರಶ್ನೆಗಳೇ ಬರಲಿಲ್ಲ. ಬಾಗಿಲು ತಾನಾಗಿ ತೆರೆಯಿತು. ಅದು ನನಗೆ ನಿಜಕ್ಕೂ ಗಾಬರಿ ಹುಟ್ಟಿಸಿತು!

ಹಾಗಿರುವಾಗ ಒಂದು ದಿನ ಮಾವನೇ ನಮ್ಮ ಮನೆಗೆ ಬಂದರು. ಕಣ್ಣಿನಲ್ಲಿ ಹಳೇ ಮಿಂಚು.

"ಬಸ್ ಸ್ಟ್ಯಾಂಡ್ ಗೊಂಬೆ ಅಂಗ್ಡಿಯೋನು ಹೇಳ್ದ ಕಣವ್ವ. ಅಳಿಯಂದ್ರು ಭಾನ್ವಾರ ಭಾನ್ವಾರ ನಮ್ಮೂರ್ಗೆ ಬತ್ತಾರಂತೆ. ಬಸ್ಸಿಳಿದು ಎಲ್ಗೋ ಹೋಯ್ತಾರಂತೆ. ನಮ್ಮನೇಗ್ ಬರಲ್ಲ. ಏನರ್ಥ?"

"ಏನೋ ಕೆಲಸ ಇರುತ್ತೆ ಮಾವ."

"ಅದೇ, ಏನ್ ಕೆಲ್ಸ? ಮನೇಲಿ ನನ್ ಮಗಳು ಒಬ್ಳೇ ಕುಂತಿರ್ತಾಳೆ. ನಾನ್ ಅವತ್ತೇ ಹೇಳ್ನಿಲ್ವಾ?"

ಮುಂದಿನ ಭಾನುವಾರ ಬೆಳಿಗ್ಗೆ ನಾನೂ ಮಾವನೂ ಬಿಡದಿಯ ಒಂದು ತಟ್ಟೆ ಇಡ್ಲಿ ಹೋಟೆಲಿನಲ್ಲಿ ಬಸ್ ಸ್ಟಾಪಿನ ಕಡೆ ಮುಖ ಮಾಡಿ ಕೂತಿದ್ದೆವು. ನಾನು ಯಾಕೆ ಹೋದೆ ಎನ್ನುತ್ತೀರಾ? ಮಾವ ಒಬ್ಬರೇ ಹೋದರೆ ರಸ್ತೆಯ ಮಧ್ಯೆಯೇ ಮ್ಯಾಗ್ನೆಟ್ಟು ತೆಗೆದಾರು ಎಂಬ ಭಯ! ಮಾವ ತಲೆಗೆ ಮಂಕಿ ಟೋಪಿ ಹಾಕಿಕೊಂಡಿದ್ದರು. ಬಿರುಬೇಸಗೆಯಲ್ಲಿ ಮಂಕಿ ಟೋಪಿ ಹಾಕಿಕೊಂಡವರನ್ನು ಯಾರೂ ಗಮನಿಸುವುದಿಲ್ಲ ಎಂದು ಅವರ ನಂಬಿಕೆ. ಹೋಟೆಲಿಗೆ ಬಂದವರೆಲ್ಲ ಇಡ್ಲಿ ಬಿಟ್ಟು ಅವರನ್ನೇ ನೋಡುತ್ತಿದ್ದರು.

ಮಂಜು ಬಂದ. ಚನ್ನಪಟ್ಟಣದ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕೂತ. ನಾವು ಹಿಂದಿನ ಬಾಗಿಲಿನಿಂದ ಹತ್ತಿ ಒಂದೇ ಪೇಪರಿನ ಹಿಂದೆ ಎರಡು ತಲೆ ಅಡಗಿಸಿಕೊಂಡು ಕೂತೆವು. ಕಂಡಕ್ಟರ್ ಬಂದವನೇ ಪೇಪರನ್ನು ಬಗ್ಗಿಸಿ ನೋಡಿ, "ಅಯ್ಯೋ ನೀವಾ ಸಾರ್! ಏನ್ ಸಾರ್ ಈ ಕಡೆ? ಟೋಪಿ ಯಾಕ್ ಸಾರ್, ಉಸಾರಿಲ್ವಾ?" ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗಿದ. ಮಾವ ಟಿಕೆಟ್ ಕಾಸನ್ನು ಅವನ ಕೈಗೆ ತುರುಕಿ, ಗೊರಕೆ ಹೊಡೆಯತೊಡಗಿದರು!

ಹೇಗೋ ರಾಮನಗರ ದಾಟಿತು. ಕೆಂಗಲ್ ಬಂತು. ಆಂಜನೇಯನ ಗುಡಿಯ ಮುಂದೆ ಬಸ್ಸು ಹಾಯುವಾಗ ಎಲ್ಲರೂ ಕೈ ಮುಗಿದರು. ಕಂಡಕ್ಟರಾಗಿದ್ದ ಕಾಲದಿಂದ ಬಂದ ಅಭ್ಯಾಸ, ಮಾವನೂ ಎರಡು ಕೈ ಎತ್ತಿ ಮುಗಿದರು. ಪೇಪರು ನೆಲಕ್ಕೆ ಬಿತ್ತು. ಅದೇ ಹೊತ್ತಿಗೆ ಮುಂದಿನ ಸೀಟಿನ ಮಂಜು ಕೈ ಮುಗಿಯುತ್ತಾ ಸ್ವಲ್ಪ ಪಕ್ಕಕ್ಕೆ ತಿರುಗಿದ. ನಾನು ಸೀಟಿನ ಕೆಳಗೆ ಚಪ್ಪಲಿ ಹುಡುಕುವವಳಂತೆ ಬಗ್ಗಿಬಿಟ್ಟೆ.

ಚನ್ನಪಟ್ಟಣದಲ್ಲಿ ಇಳಿದ ಮಂಜು ನೇರವಾಗಿ ಪೇಟೆ ಬೀದಿಗೆ ನಡೆದು, ಬೆಳ್ಳಿ ಅಂಗಡಿಯ ಅರ್ಧ ತೆರೆದಿದ್ದ ಶಟರಿನ ಕೆಳಗೆ ನುಗ್ಗಿ ಒಳಗೆ ಹೋದ. ಮಾವನ ಮುಖ ಕಪ್ಪಿಟ್ಟಿತು. ಬೆಳ್ಳಿ ಅಂಗಡಿಯ ಸೇಟು! ಎಷ್ಟೋ ವರ್ಷಗಳಿಂದ ಅವರು ಬಲವಾಗಿ ಅನುಮಾನಿಸುತ್ತಾ ಬಂದಿದ್ದ ಮನುಷ್ಯ!

"ಇಬ್ರೂ ಸೇರ್ಕಂಡವ್ರೆ ಕಣವ್ವ" ಎಂದರು. "ನನ್ ಡಾಲರ್ ಮೇಲೆ ಕಣ್ಣು. ನನ್ ಮಗಳ್ನ ಮದ್ವೆ ಆಗಿದ್ದೂ ಅದಕ್ಕೇಯ."

ಪಕ್ಕದ್ದು ಗೊಂಬೆ ಅಂಗಡಿ. ಮುಂದೆ ಮಕ್ಕಳು ಕೂತು ತೂಗಾಡುವ ದೊಡ್ಡದೊಂದು ಮರದ ಕುದುರೆ ನಿಲ್ಲಿಸಿದ್ದರು. ನಾವಿಬ್ಬರೂ ಅದರ ಹಿಂದೆ ಕುಕ್ಕರಗಾಲಿನಲ್ಲಿ ಕೂತೆವು. ಅರಗಿನ ಬಣ್ಣದ ವಾಸನೆ. ಮಾವನ ಮಂಕಿ ಟೋಪಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಒಳಗಿನ ಮಾತು ಚೆನ್ನಾಗಿ ಕೇಳಿಸುತ್ತಿತ್ತು, ಶಟರಿನ ಕೆಳಗಿನಿಂದ ದೀಪದಡಿ ಹಿಡಿದ ನಾಣ್ಯವೂ ಕಾಣುತ್ತಿತ್ತು.

"ಈಗ ಈ ಕಾಸು ನೋಡು" ಎಂದಿತು ಸೇಟಿನ ದನಿ. "ಅಂಚಲ್ಲಿ ಹಿಡ್ಕೋಬೇಕು, ಹಾಂ. ಇದಕ್ಕೆ ಎಪ್ಪತ್ತಕ್ಕೆ ಎಷ್ಟು ಕೊಡ್ತೀಯ?"

ಆಮೇಲೆ ಮಂಜುವಿನ ದನಿ, ಪಾಠ ಒಪ್ಪಿಸುವ ಹುಡುಗನ ಹಾಗೆ: "ಕಿವಿ ಮೇಲ್ಗಡೆ ಕೂದ್ಲು ಸರಿಯಾಗಿ ಕಾಣ್ತಿಲ್ಲ. ಅಂದ್ರೆ ಸವೆದೈತೆ. ಐವತ್ತೆಂಟು ಕೊಡಬೌದಾ?"

ನನ್ನ ಪಕ್ಕದಲ್ಲಿ ಏನೋ ಕುದಿಯುವ ಸದ್ದಾಯಿತು. ನಾನು ಮಾವನ ತೋಳು ಹಿಡಿಯುವಷ್ಟರಲ್ಲಿ ಅವರು ಕುದುರೆಯ ಬೆನ್ನಿನ ಮೇಲಿಂದ ತಲೆಯೆತ್ತಿ ಕೂಗಿಯೇಬಿಟ್ಟರು:

"ಸವೆದಿಲ್ಲ ಕಣಯ್ಯಾ! ಅಚ್ಚೇ ಸರಿಯಾಗ್ ಬಿದ್ದಿಲ್ಲ! ಹೊಳಪು ನೋಡು, ಹೊಳಪು! ಅದ್ಕೆ ಅರವತ್ತೆಲ್ಡು!"

ಬೀದಿಯೇ ಸ್ತಬ್ಧವಾಯಿತು. ಕುದುರೆ ಮಾತ್ರ ಹಿಂದಕ್ಕೂ ಮುಂದಕ್ಕೂ ತೂಗುತ್ತಿತ್ತು.

ಶಟರಿನ ಕೆಳಗಿನಿಂದ ಸೇಟಿನ ತಲೆ ಹೊರಬಂತು. "ಒಳಗೇ ಬಾಣ್ಣ" ಎಂದರು ಅವರು, ಏನೂ ಆಗದವರಂತೆ. "ಕುದ್ರೆ ಹಿಂದೆ ಸೆಕೆ."

ಒಳಗೆ ಮಂಜು ಎದ್ದು ನಿಂತಿದ್ದ. ಕೈಯಲ್ಲಿ ನಾಣ್ಯ, ಸರಿಯಾಗಿ ಅಂಚಿನಲ್ಲೇ ಹಿಡಿದಿದ್ದ. "ಕೆಂಗಲ್ ಹತ್ರಾನೇ ನಿಮ್ಮನ್ನ ನೋಡ್ದೆ ಮಾವ. ಮಾತಾಡ್ಸಕ್ಕೆ ಧೈರ್ಯ ಬರ್ನಿಲ್ಲ" ಎಂದ.

ಮಾವ ಟೋಪಿ ತೆಗೆದರು. "ಇಲ್ಲೇನ್ ಮಾಡ್ತಿದೀರಿ?"

"ಕಲೀತಿದೀನಿ."

"ಯಾಕೆ?"

ಮಂಜು ನಾಣ್ಯವನ್ನೇ ನೋಡುತ್ತಾ ಹೇಳಿದ. "ಅವತ್ತು ನಾನು ಗೊತ್ತಿಲ್ದೆ ಮೋಸ ಹೋದೆ. ಇನ್ನೊಂದ್ ಸಲ ನಿಮ್ಗೆ ಖೋಟಾ ತರಬಾರ್ದು ಅಂತ."

ಸೇಟು ಗಂಟಲು ಸರಿಮಾಡಿಕೊಂಡರು. "ಒಂದ್ ಭಾನ್ವಾರಾನೂ ತಪ್ಪಿಸಿಲ್ಲ ಕಣಣ್ಣ. ಒಂದು ಅಸಲಿ ಕಾಸು ಆರಿಸಿಕೊಡಿ ಅಂದಿದ್ರೆ ಅವತ್ತೇ ಕೊಡ್ತಿದ್ದೆ. ಬ್ಯಾಡ, ನಾನೇ ಕಂಡುಹಿಡೀಬೇಕು ಅಂತವ್ನೆ."

ಮಾವ ಅಲ್ಲಿದ್ದ ಸ್ಟೂಲಿನ ಮೇಲೆ ಕೂತರು. ಕ್ಷಮೆ ಕೇಳುವುದು ಅವರಿಗೆ ಬರುವುದಿಲ್ಲ, ಯಾವತ್ತೂ ಬಂದದ್ದಿಲ್ಲ. ಕೊನೆಗೆ, "ಅವತ್ತು ಊಟದ್ ಎಲೆ ಮುಂದೆ ನಾನು ಮ್ಯಾಗ್ನೆಟ್ ತೆಗೀಬಾರ್ದಿತ್ತು" ಎಂದರು. ಟೋಪಿಯನ್ನು ಮಡಿಸಿದರು, ಬಿಚ್ಚಿದರು. ಮತ್ತೆ, "ಆ ಮಾತೂ ಆಡ್ಬಾರ್ದಿತ್ತು" ಎಂದರು.

"ಹೋಗ್ಲಿ ಬುಡಿ ಮಾವ."

"ಸವಿತಂಗೆ ಗೊತ್ತಾ, ನೀವು ಇಲ್ಲಿಗೆ ಬರೋದು?"

"ಇಲ್ಲ. ಓವರ್‌ಟೈಮ್ ಅಂತ ಹೇಳಿದೀನಿ."

"ಅಂದ್ರೆ ಹೆಂಡ್ತಿಗೆ ಸುಳ್ಳು ಹೇಳ್ತೀರಾ?" ಮಾವನ ಮುಖ ಸೂರ್ಯನ ಹಾಗೆ ಬೆಳಗಿತು. ನನ್ನ ಕಡೆ ತಿರುಗಿ, "ಕೇಳ್ದೇನವ್ವ? ಗೀರೈತೆ! ಅಸಲಿ ಕಣವ್ವ, ಅಸಲಿ!" ಎಂದು ತೊಡೆ ತಟ್ಟಿಕೊಂಡರು.

ಅವತ್ತು ಮಂಜು ಮಾವನ ಮನೆಯಲ್ಲಿ ಊಟ ಮಾಡಿದ. ಅತ್ತೆ ಅವನಿಗೆ ಬಡಿಸುತ್ತಲೇ ಇದ್ದರು, ನಡುನಡುವೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಕೈ ತೊಳೆದವರೇ ಮಾವ ಅಂಗಿ ಹಾಕಿಕೊಂಡು ನಿಂತರು. ಈಗಲೇ ಬಿಡದಿಗೆ ಹೋಗಿ ಮಗಳನ್ನು ಕರೆದುಕೊಂಡು ಬರಬೇಕು.

"ನೀನೂ ಬಾರವ್ವ" ಎಂದರು ನನಗೆ. "ಬಾಗ್ಲು ತೆಗೀದೆ ಕಿಟಕೀಲಿ ನೋಡಿ ಕಳಿಸ್ಬುಟ್ರೆ? ನನ್ ಮಗಳಲ್ವಾ ಅವಳು."

ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ನಾನೂ ಹೊರಟೆ.

ಮಧ್ಯಾಹ್ನದ ಪ್ಯಾಸೆಂಜರ್ ರೈಲು, ಅಷ್ಟೇನೂ ಜನವಿರಲಿಲ್ಲ. ಮಾವ ಅಳಿಯನ ಪಕ್ಕ ಕೂತರು, ನಾನು ಎದುರಿಗೆ. ರಾಮನಗರದವರೆಗೂ ಅವರು ಹದ್ದಿನ ಎದೆಯ ಪುಕ್ಕಗಳ ಬಗ್ಗೆ ಹೇಳುತ್ತಲೇ ಇದ್ದರು, ಮಂಜು ಹೂಂಗುಟ್ಟುತ್ತಿದ್ದ. ರಾಮನಗರದ ಬಂಡೆಗಳು ಹಿಂದಕ್ಕೆ ಸರಿದ ಮೇಲೆ ಮಾತು ಕಡಿಮೆಯಾಯಿತು. ನಾನು ಕಿಟಕಿಯಿಂದ ಕಣ್ಣು ತೆಗೆದು ನೋಡಿದರೆ, ಮಾವ ತಲೆಯನ್ನು ಅಳಿಯನ ಭುಜದ ಮೇಲಿಟ್ಟು ಕಣ್ಣು ಮುಚ್ಚಿದ್ದಾರೆ. ಬಾಯಿ ಒಂದಿಷ್ಟು ತೆರೆದಿದೆ.

ಮನೆಯಾಚೆ ಮಾವ ನಿದ್ದೆ ಮಾಡಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ನನ್ನ ಅಮ್ಮನೂ ನೋಡಿರಲಾರಳು. ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿದ್ದಾಗಲೂ ಅವರು ಎರಡು ಕಣ್ಣು ಬಿಟ್ಟುಕೊಂಡು ನರ್ಸುಗಳನ್ನು ಕಾಯುತ್ತಿದ್ದವರು. ಕಣ್ಣು ಮುಚ್ಚಿದಾಗ ಆ ಮುಖ ಎಷ್ಟು ಮುದಿಯಾಗಿ ಕಾಣುತ್ತಿತ್ತು! ಇಷ್ಟು ವರ್ಷ ಒಂದೇ ಸಮನೆ ಎಚ್ಚರವಾಗಿದ್ದು ಅವರಿಗೆ ಎಷ್ಟು ದಣಿವಾಗಿರಬೇಕು ಎಂದು ನನಗೆ ಆಗಲೇ ಹೊಳೆದದ್ದು.

ಬಿಡದಿ ಬಂತು. ಜನ ಇಳಿದರು, ಹತ್ತಿದರು. ಮಂಜು ಅಲುಗಾಡಲಿಲ್ಲ. "ಇಳಿಯಲ್ವಾ?" ಎಂದು ನಾನು ಕಣ್ಣಿನಲ್ಲೇ ಕೇಳಿದೆ.

"ಈಗ್ ತಾನೆ ಕಣ್ ಹತ್ತೈತೆ, ಪಾಪ" ಎಂದು ಅವನು ಪಿಸುಗುಟ್ಟಿದ. "ಮುಂದಿನ್ ಸ್ಟೇಷನ್ನಲ್ಲಿ ಇಳ್ಕಂಡು ವಾಪಸ್ ಬರಾಣ ಅಕ್ಕ."

ರೈಲು ಹೊರಟಿತು. ಬಿಡದಿಯ ಪ್ಲಾಟ್‌ಫಾರಂ ಮೆಲ್ಲನೆ ಹಿಂದಕ್ಕೆ ಹೋಯಿತು.

"ಬಿಡದಿ ಬುಡ್ತು ಅಂತ ಗೊತ್ತು ಕಣ್ ಮಗ" ಎಂದರು ಮಾವ, ಕಣ್ಣು ತೆರೆಯದೆ, ತಲೆಯೆತ್ತದೆ. "ಹೆಜ್ಜಾಲದಲ್ಲಿ ಇಳಿಯಾನ. ಒಸಿ ಹೊತ್ತು ಇಂಗೇ ಇರು."

ಮಂಜು ಭುಜವನ್ನು ಇನ್ನಷ್ಟು ತಗ್ಗಿಸಿ ಕೂತ.